ಉಂಗುರ ಬೆರಳಿನ ಸಾಕ್ಷಿ

ಕಲಾವತಿ ಬಡಿಗೇರಳ ಲೈಸೆನ್ಸಿಗೆ ಜೀವವಿತ್ತು. ಹಿಂದಿನ ಕಾಲದ ಹಾಗೆ ಅದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಕಾಗದವಲ್ಲ; ಬಿಳಿ ಕೋಟಿನ ಜೇಬಿಗೆ ಸಿಕ್ಕಿಸಿಕೊಳ್ಳುವ ಬೆರಳಗಲದ ಪಟ್ಟಿ. ಅದರಲ್ಲಿ ಹಸಿರು ಉರಿಯುತ್ತಿದ್ದರೆ ಆಕೆ ಲ್ಯಾಬ್ ಟೆಕ್ನಿಷಿಯನ್. ಹಳದಿಯಾದರೆ ಅನುಮಾನದ ಟೆಕ್ನಿಷಿಯನ್. ಕೆಂಪಾದರೆ ಲ್ಯಾಬಿನ ಬಾಗಿಲೂ ತೆರೆಯದು, ಯಂತ್ರವೂ ಮಾತಾಡಿಸದು. ಹತ್ತೊಂಬತ್ತು ವರ್ಷ ರಕ್ತದ ಕೊಳವೆಗಳ ಜೊತೆ ಬದುಕಿದವಳು ಹೊರಗಿನ ಬೆಂಚಿನ ಮೇಲೆ ರೋಗಿಗಳ ಸಾಲಿನಲ್ಲಿ ಕೂರಬೇಕು.

ಬೆಣ್ಣಿಕೊಪ್ಪದ ತಾಲೂಕು ಆಸ್ಪತ್ರೆಗೆ ‘ನಿಖರ’ ಎಂಬ ಯಂತ್ರ ಬಂದು ಆರು ವರ್ಷವಾಗಿತ್ತು. ರಾಜ್ಯದ ನಾನೂರು ಆಸ್ಪತ್ರೆಗಳಲ್ಲಿ ಒಂದೇ ಅಚ್ಚಿನ ನಾನೂರು ಯಂತ್ರಗಳು, ಎಲ್ಲಕ್ಕೂ ರಾಜಧಾನಿಯಲ್ಲಿ ಒಂದೇ ತಲೆ. ರಕ್ತದ ಕೊಳವೆ ಇಟ್ಟರೆ ಎರಡು ನಿಮಿಷದಲ್ಲಿ ಮೂವತ್ತು ಸಂಖ್ಯೆ ಉದುರಿಸುತ್ತಿತ್ತು. ಕಾನೂನು ಮಾತ್ರ, ಪ್ರತಿ ವರದಿಗೂ ಒಬ್ಬ ಲೈಸೆನ್ಸುದಾರ ಮನುಷ್ಯನ ಒಪ್ಪಿಗೆ ಬೇಕು ಅನ್ನುತ್ತಿತ್ತು. ಪರದೆಯ ಮೇಲೆ ಎರಡು ಗುಂಡಿಗಳು: ‘ಒಪ್ಪಿಗೆ’ ಮತ್ತು ‘ತಡೆ’. ತಡೆದರೆ ಅದೇ ರಕ್ತವನ್ನು ಪಕ್ಕದ ತಾಲೂಕಿನ ಇನ್ನೊಂದು ನಿಖರಕ್ಕೆ ಕಳಿಸುತ್ತಾರೆ. ಅದೂ ಮೊದಲಿನ ಸಂಖ್ಯೆಯನ್ನೇ ಹೇಳಿದರೆ, ತಡೆದವರ ‘ಸಹಮತ ಅಂಕ’ ಕಡಿತ. ತೊಂಬತ್ತೇಳರ ಕೆಳಗೆ ಹಳದಿ. ತೊಂಬತ್ತರ ಕೆಳಗೆ ವಿಚಾರಣೆ, ಆಮೇಲೆ ಕೆಂಪು. ಯಂತ್ರದ ಮೇಲೆ ಮನುಷ್ಯನ ಕಣ್ಣಿರಲಿ ಎಂದು ಮಾಡಿದ ಕಾನೂನು, ಮನುಷ್ಯ ಎಷ್ಟು ಸಲ ತಲೆಯಾಡಿಸಿದ ಎಂದು ಎಣಿಸುವಲ್ಲಿಗೆ ಬಂದು ಕೂತಿತ್ತು. ಹೀಗೆ ಮಾಡಿದವರಿಗೆ ಸನ್ಮಾನವೂ ಆಗಿತ್ತಂತೆ.

ಕಲಾವತಿಗೆ ಒಂದು ಕಳ್ಳ ಅಭ್ಯಾಸವಿತ್ತು. ಅದನ್ನು ಕಲಿಸಿದವರು ಅವಳ ಗುರು ಇಮಾಮಸಾಬ್ ನದಾಫ್. ನಿವೃತ್ತರಾಗಿ ಈಗ ಊರಲ್ಲಿ ಮೊಮ್ಮಕ್ಕಳ ಗಣಿತ ತಿದ್ದುತ್ತಿರುವ ಆ ಮುದುಕರು ತಮ್ಮ ಕೈಕೆಳಗೆ ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತಿದ್ದರು: “ಮುಂಜಾನೆ ಮೊದಲು ನಿಮ್ಮ ರಕ್ತ ಹಾಕ್ರಿ. ಮಂದಿ ರಕ್ತ ಆಮ್ಯಾಲ. ನಿಮ್ಮ ರಕ್ತ ಎಷ್ಟೈತಿ ಅಂತ ನಿಮಗ ಗೊತ್ತಿರ್ತೈತಿ, ಮಿಷನ್ನಿಗೆ ಗೊತ್ತಿರೂದಿಲ್ಲ. ಅದು ಸುಳ್ಳು ಹೇಳಿದ್ರ ಅಲ್ಲೇ ಸಿಕ್ಕೊಂತೈತಿ.” ಹಾಗಾಗಿ ಕಲಾವತಿ ದಿನಾ ಬೆಳಿಗ್ಗೆ ಎಡಗೈ ಉಂಗುರ ಬೆರಳಿಗೆ ಸೂಜಿ ಚುಚ್ಚಿ, ಎರಡು ಹನಿ ರಕ್ತವನ್ನು ಯಂತ್ರ ತೊಳೆಯುವ ಸರದಿಯಲ್ಲಿ ಹಾಯಿಸುತ್ತಿದ್ದಳು. ಆ ಸರದಿಯಲ್ಲಿ ಸಂಖ್ಯೆ ಪರದೆಗೆ ಬರುತ್ತದೆ, ದಾಖಲಾಗುವುದಿಲ್ಲ. ಹಿಮೋಗ್ಲೋಬಿನ್ ಎಷ್ಟೆಂದು ನೋಡಿ ಹಳೇ ಡೈರಿಯಲ್ಲಿ ಬರೆದಿಡುವಳು. ಹತ್ತೊಂಬತ್ತು ವರ್ಷದಲ್ಲಿ ಅವಳ ಸಂಖ್ಯೆ ಹನ್ನೊಂದು ಪಾಯಿಂಟ್ ಎರಡರ ಆಚೀಚೆ ಕದಲಿದ್ದೇ ಕಡಿಮೆ. ನೋಂದಣಿಯಿಲ್ಲದ ರಕ್ತವನ್ನು ನಿಖರಕ್ಕೆ ಹಾಕುವುದು ಅಪರಾಧ ಎಂದು ನಿಯಮ ಬಂದ ಮೇಲೂ ಅವಳು ನಿಲ್ಲಿಸಿರಲಿಲ್ಲ. ಕೆಲವರು ಬಾಗಿಲು ತೆಗೆಯುವ ಮುಂಚೆ ಕೈ ಮುಗಿಯುತ್ತಾರೆ, ಇದೂ ಅಂಥದ್ದೇ ಎಂದುಕೊಂಡಿದ್ದಳು.

ಆ ಬೇಸಿಗೆಯಲ್ಲಿ ಸಂಖ್ಯೆ ಏರತೊಡಗಿತು. ಹನ್ನೊಂದೂವರೆ. ಹನ್ನೊಂದು ಪಾಯಿಂಟ್ ಒಂಬತ್ತು. ಹನ್ನೆರಡು ಪಾಯಿಂಟ್ ನಾಲ್ಕು. ಇಲ್ಲಿ ಕಲಾವತಿ ತಪ್ಪಿದಳು. ಯುಗಾದಿಯಿಂದ ಈಚೆಗೆ ಅವಳು ನುಗ್ಗೆಸೊಪ್ಪಿನ ಪಲ್ಯ, ದಿನಕ್ಕೆ ನಾಲ್ಕು ಖರ್ಜೂರ ಶುರು ಮಾಡಿದ್ದಳು. ಊರವರ ರಕ್ತ ನೋಡಿ ನೋಡಿ ಬುದ್ಧಿ ಹೇಳುವವಳು, ತನ್ನ ರಕ್ತವೂ ಕೊನೆಗೊಮ್ಮೆ ತನ್ನ ಮಾತು ಕೇಳಿತಲ್ಲ ಎಂದು ಹಿಗ್ಗಿದಳು. ಗಂಡ ಮೌನೇಶನಿಗೆ ಹೇಳಿಯೂ ಬಿಟ್ಟಳು. ಅವನು ಬಾಗಿಲು ಕಿಟಕಿ ಮಾಡುವವನು. ಉಳಿ ಮಸೆಯುತ್ತಲೇ, “ಹಂಗಾದ್ರ ನಂಗೂ ಎರಡು ಖರ್ಜೂರ ಕೊಡು,” ಅಂದಿದ್ದ.

ಒಂಬತ್ತನೇ ದಿನ, ಗುರುವಾರ, ಪರದೆ ಹದಿಮೂರು ಪಾಯಿಂಟ್ ಎರಡು ತೋರಿಸಿತು. ಅವತ್ತು ಅವಳು ಮುಟ್ಟಾಗಿ ಮೂರನೇ ದಿನ. ಅವತ್ತು ಯಾವ ಹೆಂಗಸಿನ ರಕ್ತವೂ ಏರುವುದಿಲ್ಲ. ಒಂಬತ್ತು ದಿನದಲ್ಲಿ ಎರಡು ಅಂಕ ಏರಿಸುವ ಖರ್ಜೂರ ಅರಬಸ್ತಾನದಲ್ಲೂ ಬೆಳೆಯುವುದಿಲ್ಲ. ಕಲಾವತಿ ಡೈರಿ ಮುಚ್ಚಿ ಸ್ಟೂಲಿನ ಮೇಲೆ ಕೂತಳು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು, ಆಮೇಲೆ ಹೆದರಿಕೆ ಬಂತು. ಯಾಕೆಂದರೆ ಈ ಒಂಬತ್ತು ದಿನದಲ್ಲಿ ಅವಳು ಇಪ್ಪತ್ತೇಳು ಬಸುರಿಯರ ವರದಿಗೆ ‘ಒಪ್ಪಿಗೆ’ ಒತ್ತಿದ್ದಳು. ಅದರಲ್ಲಿ ಒಂದು, ಹಿಂದಿನ ದಿನವಷ್ಟೇ ಒತ್ತಿದ್ದು, ಅವಳ ನಾದಿನಿ ಸುಮಂಗಲಾಳದು.

ಸುಮಂಗಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಲು ಇನ್ನು ಎರಡೇ ವಾರ. ಹಿಮೋಗ್ಲೋಬಿನ್ ಒಂಬತ್ತಕ್ಕಿಂತ ಕಡಿಮೆಯಿರುವ ಬಸುರಿಯರನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಬೇಕು, ಅಲ್ಲಿ ರಕ್ತದ ಬಾಟಲಿ ಸಿದ್ಧವಿರುತ್ತದೆ. ಒಂಬತ್ತರ ಮೇಲಿದ್ದರೆ ಬೆಣ್ಣಿಕೊಪ್ಪದಲ್ಲೇ ಹೆರಿಗೆ. ಇಲ್ಲಿ ರಕ್ತದ ಬಾಟಲಿ ಬೇಕೆಂದರೆ ಜಿಲ್ಲೆಯಿಂದ ಬರಲು ಎರಡು ತಾಸು. ಸುಮಂಗಲಾಳದು ಒಂಬತ್ತು ಪಾಯಿಂಟ್ ಮೂರು. ಯಂತ್ರ ಕಲಾವತಿಯ ರಕ್ತಕ್ಕೆ ಹೇಳಿದಷ್ಟೇ ಸುಳ್ಳನ್ನು ಅವಳ ರಕ್ತಕ್ಕೂ ಹೇಳಿದ್ದರೆ ನಿಜವಾದದ್ದು ಎಂಟರೊಳಗೆ. ಕಲಾವತಿ ಕಾಗದದ ಮೇಲೆ ಎರಡು ಸಲ ಲೆಕ್ಕ ಹಾಕಿ, ಕಾಗದ ಹರಿದು ಹಾಕಿದಳು.

ಆ ದಿನ ಬಂದ ಬಸುರಿಯರ ವರದಿಗಳನ್ನೆಲ್ಲ ಅವಳು ತಡೆದಳು. ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಹಳದಿಯಾಯಿತು. ವೈದ್ಯಾಧಿಕಾರಿ ಡಾಕ್ಟರ್ ಹೊಸಮನಿ ಓಡಿಬಂದರು. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನ ಕುರ್ಚಿ ಬಿಟ್ಟು ಎದ್ದದ್ದನ್ನು ಯಾರೂ ನೋಡಿಲ್ಲ.

“ಏನ್ ನಡಸೀರಿ ಕಲಾವತಿ? ರಕ್ತಹೀನತಿ ಅಭಿಯಾನ ನಡದೈತಿ. ಕಬ್ಬಿಣದ ಗುಳಿಗಿ ಕೊಟ್ಟು ಎರಡು ವಾರ ಆಗಿಲ್ಲ, ರಾಜ್ಯಕ್ಕ ರಾಜ್ಯಾನ ಸುಧಾರಿಸೈತಿ ಅಂತ ಮ್ಯಾಲಿನವರು ಕುಣಿಯಾಕತ್ಯಾರ. ನೀವು ತಡಿ ಒತ್ತಗೊಂತ ಕುಂತೀರಿ.”

“ಅದು ಸುಧಾರಿಸಿಲ್ರಿ ಸರ್. ಯಂತ್ರ ಏರಿಸಿ ಹೇಳಾಕತ್ತೈತಿ.”

“ಪುರಾವೆ?”

ಕಲಾವತಿಯ ಪುರಾವೆ ಡ್ರಾವರಿನಲ್ಲಿತ್ತು, ಆದರೆ ಆ ಪುರಾವೆಯೇ ಅಪರಾಧ.

“ಬಾಜೂ ತಾಲೂಕಿನ ಮಿಷನ್ ಏನಂತು?”

“ಅದೂ ಇದನ್ನ ಅಂತೈತ್ರಿ.”

“ಮತ್ತ!” ಎಂದು ಡಾಕ್ಟರು ಕೈ ಝಾಡಿಸಿ ಹೋದರು.

ಶುಕ್ರವಾರ ಕಲಾವತಿ ಅರ್ಧ ತಾಸು ಮೊದಲೇ ಬಂದು ನಿಖರದ ಮುಂದೆ ಕೂತಳು. ದಿನಾ ಎಂಟಕ್ಕೆ ಅದು ತನ್ನನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಒಳಗೊಂದು ಪುಟ್ಟ ಸೀಸೆಯಲ್ಲಿ ‘ಕಂಟ್ರೋಲ್’ ಎಂಬ ರಕ್ತ ಇರುತ್ತದೆ. ಅದರ ಸಂಖ್ಯೆ ಇಷ್ಟೇ ಎಂದು ಸೀಸೆಯ ಮೇಲೆ ಅಚ್ಚಾಗಿರುತ್ತದೆ. ಯಂತ್ರ ಅದನ್ನು ಅಳೆದು, ತಾನು ಕಡಿಮೆ ಓದಿದರೆ ಅಷ್ಟು ಏರಿಸಿಕೊಳ್ಳುತ್ತದೆ, ಜಾಸ್ತಿ ಓದಿದರೆ ಇಳಿಸಿಕೊಳ್ಳುತ್ತದೆ. ಆದರೆ ರಕ್ತ ಸುಮ್ಮನೆ ನಿಂತರೆ ಅದರ ಕೆಂಪು ಕಣಗಳು ತಳಕ್ಕೆ ಕೂರುತ್ತವೆ, ಸಾರು ಆರಿದಾಗ ಬೇಳೆ ಕೂರುವ ಹಾಗೆ. ಅದಕ್ಕೇ ಮೊದಲು ಚೆನ್ನಾಗಿ ಕಲಕಬೇಕು. ನದಾಫ್ ಸರ್ ಕಾಲದಲ್ಲಿ ಸೀಸೆಯನ್ನು ಎರಡು ಅಂಗೈ ನಡುವೆ ಇಟ್ಟು ಹೊರಳಿಸುತ್ತಿದ್ದರು. ಈಗ ಯಂತ್ರದ ಒಳಗಿನ ತೋಳೊಂದು ಸೀಸೆಯನ್ನು ತಿರುಗಿಸುತ್ತದೆ. ಮೊದಲೆಲ್ಲ ಆ ಗುರುಗುರು ಸದ್ದು ಶುರುವಾದ ಮೇಲೆ ಕಲಾವತಿ ಚೀಲ ತೂಗುಹಾಕಿ, ಕೈ ತೊಳೆದು, ಕೋಟು ಹಾಕಿ, ಜಡೆ ಮೇಲೆ ಕಟ್ಟಿ ಬರುವಷ್ಟರಲ್ಲಿ ನಿಲ್ಲುತ್ತಿತ್ತು. ಈಚೆಗೆ ಅವಳು ಕೈ ಒರೆಸುವಷ್ಟರಲ್ಲೇ ಯಂತ್ರ ‘ಸಿದ್ಧ’ ಅನ್ನುತ್ತಿತ್ತು. ಅದನ್ನು ಅವಳು ಗಮನಿಸಿದ್ದಳು. ತಾನೇ ನಿಧಾನವಾಗಿದ್ದೇನೆ, ವಯಸ್ಸಾಯಿತು ಅಂದುಕೊಂಡಿದ್ದಳು!

ಗಡಿಯಾರ ಹಿಡಿದು ನೋಡಿದಳು. ನಲವತ್ತು ಸೆಕೆಂಡು. ಮೂರು ನಿಮಿಷ ಕಲಕಬೇಕಾದ್ದನ್ನು ಯಾವನೋ ಪುಣ್ಯಾತ್ಮ ಹೊತ್ತು ಉಳಿಸಲು ನಲವತ್ತು ಸೆಕೆಂಡಿಗೆ ಇಳಿಸಿದ್ದಾನೆ. ಸೀಸೆಯ ಮೇಲ್ಭಾಗದ ತೆಳು ರಕ್ತವನ್ನು ಯಂತ್ರ ಹೀರುತ್ತಿದೆ, ‘ಅಯ್ಯೋ, ನಾನು ಕಡಿಮೆ ಓದುತ್ತಿದ್ದೇನೆ’ ಎಂದು ದಿನಾ ತನ್ನನ್ನು ತಾನೇ ಏರಿಸಿಕೊಳ್ಳುತ್ತಿದೆ. ಬದಲಾವಣೆ ರಾಜಧಾನಿಯಿಂದ ಬಂದದ್ದು. ಅಂದರೆ ನಾನೂರೂ ಯಂತ್ರಗಳಲ್ಲಿ ಒಂದೇ ತಪ್ಪು. ಒಂದರ ಸಾಕ್ಷಿ ಇನ್ನೊಂದು.

ಸಹಾಯವಾಣಿಗೆ ಹನ್ನೊಂದು ಸಲ ಫೋನ್ ಮಾಡಿದಳು. ಒಂಬತ್ತು ಸಲ ಸಂಗೀತ ಕೇಳಿಸಿತು. ಹತ್ತನೇ ಸಲ ಒಂದು ಮಧುರ ದನಿ, “ನಿಮ್ಮ ಯಂತ್ರವು ಆರೋಗ್ಯವಾಗಿದೆ,” ಎಂದಿತು. ಹನ್ನೊಂದನೇ ಸಲ ಸಿಕ್ಕಿದ ಮನುಷ್ಯ, ಕಲಕುವ ಅವಧಿ ಟೆಕ್ನಿಷಿಯನ್ನರ ಕಾರ್ಯವ್ಯಾಪ್ತಿಯಲ್ಲಿ ಬರುವುದಿಲ್ಲ ಎಂದು ದೂರು ಸಂಖ್ಯೆ ಕೊಟ್ಟ. ಅವಳು ಫೋನನ್ನು ಮೇಜಿನ ಮೇಲೆ ಕುಕ್ಕಿದಳು. ಪಾಪ, ಫೋನಿನದೇನು ತಪ್ಪು.

ಮನೆಯಲ್ಲಿ ಹೇಳಿದರೆ ಅಲ್ಲೂ ಅದೇ ರಾಗ. ಅತ್ತೆ ನೀಲವ್ವ ಮಗಳ ಕಾಲಿಗೆ ಎಣ್ಣೆ ತೀಡುತ್ತಾ, “ಒಂಬತ್ತರ ಮ್ಯಾಲ ಐತೆಲ್ಲ, ಮತ್ತ್ಯಾಕ ಜಿಲ್ಲಾಕ್ಕ ಒಯ್ಯೂದು? ಮನೀ ಮುಂದ ಆಸ್ಪತ್ರಿ ಬಿಟ್ಟು ಅಷ್ಟು ದೂರ ಯಾರು ಹೋಗ್ತಾರ?” ಅಂದಳು. ಸುಮಂಗಲಾ ನಕ್ಕಳು, ನಕ್ಕಾಗ ಒಸಡು ಕೂಡ ಬಿಳುಚಿತ್ತು. “ವೈನಿ, ನೀವ ಒಪ್ಪಿಗಿ ಒತ್ತೀರಿ, ನೀವ ಬ್ಯಾಡ ಅಂತೀರಿ!”

ಆ ಮಾತು ಕಲಾವತಿಗೆ ಸೂಜಿಗಿಂತ ಆಳಕ್ಕೆ ಚುಚ್ಚಿತು.

ಮೌನೇಶ ಮಾತ್ರ ಉಳಿ ಕೆಳಗಿಟ್ಟು ಕೇಳಿದ. “ಎಲ್ಲಾ ಮಿಷನ್ನೂ ಒಂದ ಹೇಳಿದ್ರ ತಪ್ಪು ಹ್ಯಾಂಗ ಆಗ್ತೈತಿ?”

“ನಿಮ್ಮ ಟೇಪಿನ ತುದಿ ಕೊಕ್ಕಿ ಬಾಗಿದ್ರ ಏನಾಗ್ತೈತಿ ಹೇಳ್ರಿ?”

ಮೌನೇಶ ತನ್ನ ಟೇಪು ನೋಡಿದ. “ಎಲ್ಲಾ ಚೌಕಟ್ಟೂ ಒಂದ ಅಳತಿ ಬರ್ತಾವ,” ಎಂದ ನಿಧಾನವಾಗಿ. “ಗ್ವಾಡಿಗೆ ಕೂಡ್ಸೂತನಾ ಗೊತ್ತಾಗೂದಿಲ್ಲ.”

“ಇಲ್ಲಿ ಗ್ವಾಡಿ ಅಂದ್ರ ನಿಮ್ಮ ತಂಗಿ,” ಎಂದಳು ಕಲಾವತಿ.

ಶನಿವಾರವೂ ಅವಳು ತಡೆ ಒತ್ತಿದಳು. ಅಂಕ ಎಂಬತ್ತೊಂಬತ್ತಕ್ಕೆ ಬಂತು. ಸೋಮವಾರ ವಿಚಾರಣೆ.

ಪ್ರಯೋಗಾಲಯ ವೃತ್ತಿ ಮಂಡಳಿಯ ಸಮೀಕ್ಷಕ ಪ್ರಭಂಜನ್, ಡಾಕ್ಟರ ಕೋಣೆಯ ಪರದೆಯ ಮೇಲೆ ಬಂದ. ಮೂವತ್ತರ ಆಸುಪಾಸು, ಸಭ್ಯ ಮುಖ. ಅವನ ಹಿಂದೆ ರಾಜಧಾನಿಯ ನಿಯಂತ್ರಣ ಕೊಠಡಿ ಕಾಣುತ್ತಿತ್ತು: ಗೋಡೆ ತುಂಬ ರಾಜ್ಯದ ನಕ್ಷೆ, ನಕ್ಷೆ ತುಂಬ ಹಸಿರು ಚುಕ್ಕೆ, ಬೆಣ್ಣಿಕೊಪ್ಪ ಮಾತ್ರ ಹಳದಿ.

“ಮೇಡಂ, ನಾಲ್ಕುನೂರು ಯಂತ್ರದಲ್ಲಿ ಮುನ್ನೂರ ತೊಂಬತ್ತೊಂಬತ್ತು ಕಡೆ ಯಾರಿಗೂ ತೊಂದ್ರೆ ಇಲ್ಲ. ನಿಮಗೊಬ್ರಿಗೇ ಯಾಕೆ?”

“ಕಂಟ್ರೋಲ್ ಸೀಸಿ ಕಲಕೂದು ಮೂರು ನಿಮಿಷದಿಂದ ನಲವತ್ತು ಸೆಕೆಂಡಿಗೆ ಇಳದೈತ್ರಿ. ನೋಡಿಸ್ರಿ ಒಮ್ಮೆ.”

“ಅದು ತಾಂತ್ರಿಕ ವಿಭಾಗದ ವಿಷ್ಯ. ನನ್ನ ಮುಂದೆ ಇರೋದು ನಿಮ್ಮ ಲೈಸೆನ್ಸ್. ಓದಿದ ಸಂಖ್ಯೆ ತಪ್ಪು ಅನ್ನೋಕೆ ನಿಮ್ಮ ಹತ್ರ ಏನಿದೆ?”

ಡಾಕ್ಟರು ಕಣ್ಣಲ್ಲೇ ‘ಬೇಡ’ ಅಂದರು. ಕಲಾವತಿಗೆ ಸುಮಂಗಲಾಳ ಒಸಡು ನೆನಪಾಯಿತು. ಚೀಲದಿಂದ ಡೈರಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಜೋಡಿಸಿದಳು, ಹತ್ತೊಂಬತ್ತು. “ನನ್ನ ರಕ್ತ ಐತ್ರಿ. ದಿನಾ ಮುಂಜಾನೆಯದು.”

ಪ್ರಭಂಜನ್ ಪುಟ ತಿರುಗಿಸಿ ತೋರಿಸಲು ಹೇಳಿದ, ಮುಂದೆ ಬಾಗಿ ನೋಡಿದ. ಅವನಿಗೆ ಅರ್ಥವಾಗಿತ್ತು. ಕಲಾವತಿಗೆ ಅದು ಕಂಡಿತು, ಅದಕ್ಕೇ ಮುಂದಿನ ಮಾತು ಕೇಳಿ ಅವಳ ಮೈ ಉರಿದುಹೋಯಿತು.

“ಮೇಡಂ, ನಿಖರ ಬಂದಾಗಿಂದ ಆರು ವರ್ಷ. ವರ್ಷಕ್ಕೆ ಮುನ್ನೂರು ದಿನ. ಸಾವಿರದೆಂಟುನೂರು ಸಲ ನೋಂದಣಿ ಇಲ್ಲದ ಮಾದರಿ ಹಾಕಿದ್ದೀನಿ ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು. ನಾನು ಏನೂ ಮಾಡೋ ಹಾಗಿಲ್ಲ.”

“ಹಂಗಾದ್ರ ಅದರಾಗ ಬರದಿದ್ದು ಸುಳ್ಳೇನ್ರಿ?”

“ಸುಳ್ಳು ಅಂತ ನಾನು ಹೇಳಲಿಲ್ಲ,” ಎಂದ ಪ್ರಭಂಜನ್, ತಗ್ಗಿದ ದನಿಯಲ್ಲಿ. ಅವಳ ಎದೆಯ ಮೇಲಿನ ಪಟ್ಟಿ ಕೆಂಪಾಯಿತು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಜೀವಮಾನದಲ್ಲಿ ಮೊದಲ ಸಲ ಕೆಲಸದ ದಿನ ಮನೆಯಲ್ಲಿದ್ದ ಕಲಾವತಿ, ಅಟ್ಟದಿಂದ ಒಂದು ಮರದ ಪೆಟ್ಟಿಗೆ ಇಳಿಸಿದಳು. ನದಾಫ್ ಸರ್ ನಿವೃತ್ತಿಯಾಗುವಾಗ ಕೊಟ್ಟಿದ್ದು. ಒಳಗೆ ಅಜ್ಜನ ಕಾಲದ ಹಿಮೋಗ್ಲೋಬಿನ್ ಅಳೆಯುವ ಸಾಧನ: ಗೆರೆಗಳನ್ನು ಕೊರೆದ ಗಾಜಿನ ನಳಿಗೆ ಎರಡು, ನಳಿಗೆ ನಿಲ್ಲಿಸುವ ಚೌಕಟ್ಟಿನ ಎರಡು ಪಕ್ಕದಲ್ಲಿ ಕಂದು ಬಣ್ಣದ ಗಾಜಿನ ಕಡ್ಡಿ. ನಳಿಗೆಯಲ್ಲಿ ಆಮ್ಲ ಹಾಕಿ, ಒಂದು ಹನಿ ರಕ್ತ ಬೆರೆಸಿ, ಹತ್ತು ನಿಮಿಷ ಬಿಟ್ಟರೆ ರಕ್ತ ಕಂದಾಗುತ್ತದೆ. ಆಮೇಲೆ ಹನಿಹನಿಯಾಗಿ ನೀರು ಬೆರೆಸುತ್ತಾ ಹೋಗಬೇಕು. ಪಕ್ಕದ ಗಾಜಿನ ಬಣ್ಣಕ್ಕೆ ಸರಿಹೊಂದಿದಾಗ ನೀರು ಯಾವ ಗೆರೆಯಲ್ಲಿದೆಯೋ ಅದೇ ಉತ್ತರ. ಕರೆಂಟು ಬೇಡ, ರಾಜಧಾನಿ ಬೇಡ. ಬೆಳಕು ಮತ್ತು ಕಣ್ಣು ಸಾಕು.

ಅಂಗಳದ ಬಿಸಿಲಿನಲ್ಲಿ ಸುಮಂಗಲಾಳ ಬೆರಳು ಚುಚ್ಚಿದಳು. ನೀಲವ್ವ ಕೈಕಟ್ಟಿ ನಿಂತು ನೋಡುತ್ತಿದ್ದಳು. ಮೊದಲು ಅವಳ ಮುಖದಲ್ಲಿ ಇದ್ದದ್ದು ಸೊಸೆಗೆ ತಲೆ ಕೆಟ್ಟಿದೆಯೆಂಬ ಮರುಕ. ನೀರು ಬೆರೆಸತೊಡಗಿದಾಗ ಅವಳು ಮೆಲ್ಲಗೆ ಹತ್ತಿರ ಬಂದಳು. ನಲವತ್ತು ವರ್ಷ ಗಂಡನ ಬಾಗಿಲು ಮಂಚಗಳಿಗೆ ಪಾಲಿಶ್ ಬೆರೆಸಿಕೊಟ್ಟವಳು ನೀಲವ್ವ. ತೇಗದ ಬಣ್ಣ, ಬೀಟೆಯ ಬಣ್ಣ, ಎರಡರ ನಡುವಿನ ಹತ್ತು ಬಣ್ಣ ಅವಳ ಕಣ್ಣಲ್ಲೇ ಇದ್ದವು.

“ಇನ್ನೂ ಕಪ್ಪೈತಿ, ಹಾಕು,” ಎಂದಳು ತಡೆಯಲಾರದೆ. “ಇನ್ನೊಂದು ಹನಿ. ಕೈ ಬಿಗಿ ಹಿಡಿ, ಒಮ್ಮಿಗೇ ಸುರೀಬ್ಯಾಡ. ಇನ್ನೊಂದು... ನಿಲ್ಲು, ನಿಲ್ಲು! ಕೂಡ್ತು ನೋಡು.”

ಕಲಾವತಿ ಗೆರೆ ನೋಡಲಿಲ್ಲ. “ನೀವ ಹೇಳ್ರಿ ಅತ್ತಿ, ಎಷ್ಟಕ್ಕ ನಿಂತೈತಿ?”

ನೀಲವ್ವ ಕನ್ನಡಕ ಸರಿಸಿ ಬಾಗಿದಳು. “ಎಂಟಕ್ಕ ಒಂದು ಕೂದಲೆಳಿ ಕಮ್ಮಿ.”

ಆಮೇಲೆ ಕಲಾವತಿ ತನ್ನ ರಕ್ತ ಹಾಕಿದಳು. ಅದಕ್ಕೂ ಅತ್ತೆಯೇ ‘ನಿಲ್ಲು’ ಅಂದಳು. ಹನ್ನೊಂದರ ಮೇಲೆ ತುಸು. ನೀಲವ್ವ ಎರಡು ನಳಿಗೆಗಳನ್ನೂ ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. “ಮೌನೇಶಾ,” ಎಂದು ಕೂಗಿದಳು, “ನಾಳೆ ಮುಂಜಾನೆಗೆ ಗಾಡಿ ಹೇಳು. ಇದರ ರಕ್ತ ನೀರಾಗೈತಿ.”

ಬುಧವಾರ ಜಿಲ್ಲಾ ಆಸ್ಪತ್ರೆಯಲ್ಲಿ ಏನಾಯಿತು ಎಂದು ಹೇಳಲೇಬೇಕೇ? ಅಲ್ಲಿಯೂ ನಿಖರವೇ ಇತ್ತು. ಸುಮಂಗಲಾಳ ರಕ್ತ ನೋಡಿ ಒಂಬತ್ತು ಪಾಯಿಂಟ್ ನಾಲ್ಕು ಅಂತು. ಹೆರಿಗೆ ವಿಭಾಗದವರು ಚೀಟಿ ವಾಪಸು ಕೊಟ್ಟರು: “ಒಂಬತ್ತರ ಮ್ಯಾಲ ಐತ್ರಿ, ನಿಮ್ಮ ತಾಲೂಕಿನಾಗ ಮಾಡಿಸ್ಕೋರಿ. ಇಲ್ಲಿ ಹಾಸಗಿ ಇಲ್ಲ.” ಕಲಾವತಿ ನಳಿಗೆಯ ಕಥೆ ಹೇಳಹೋದಳು, ಅವರು ಅವಳು ಚೀಲದಿಂದ ತೆಗೆದು ತೋರಿಸಿದ ಪಟ್ಟಿಯ ಕೆಂಪು ನೋಡಿ ಮುಂದಿನವರನ್ನು ಕರೆದರು. ನೀಲವ್ವ ಬಾಯಿ ಮಾಡಿದಳು, ಮೌನೇಶ ಕೈ ಮುಗಿದ. ಸುಮಂಗಲಾ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕೂತಿದ್ದಳು.

ಕಲಾವತಿ ನೇರ ಲ್ಯಾಬಿನ ಕಿಟಕಿಗೆ ಹೋದಳು. ಒಳಗೆ ಐವತ್ತು ದಾಟಿದ, ಗಿಡ್ಡ ಮೀಸೆಯ ಒಬ್ಬರು ಕೂತಿದ್ದರು. ಎದೆಯ ಮೇಲಿನ ಹೆಸರು: ಫಕೀರಪ್ಪ ತಳವಾರ. ಪಟ್ಟಿ ಹಸಿರು. ಏನು ಕೇಳಬೇಕೆಂದು ಅವಳಿಗೇ ಗೊತ್ತಿರಲಿಲ್ಲ. ಅವರು ಚೀಟಿ ತೆಗೆದುಕೊಳ್ಳಲು ಎಡಗೈ ಚಾಚಿದರು. ಉಂಗುರ ಬೆರಳಿನ ತುದಿ ಜಡ್ಡುಗಟ್ಟಿತ್ತು. ಸಾಸಿವೆ ಚೆಲ್ಲಿದ ಹಾಗೆ ಚುಚ್ಚಿದ ಕಲೆಗಳು. ಕಲಾವತಿ ತನ್ನ ಎಡಗೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು, ಅಂಗೈ ಮೇಲಾಗಿ.

ಫಕೀರಪ್ಪ ಆ ಬೆರಳು ನೋಡಿದರು, ಅವಳ ಮುಖ ನೋಡಿದರು.

“ನದಾಫ್ ಸರ್ ಕಡೆ ಕಲಿತವರೇನು?”

“ಹೂಂ ರೀ. ನಿಮ್ಮದು ಎಷ್ಟಕ್ಕ ಬಂದೈತ್ರಿ ಸರ್?”

ಅವರು ಹಿಂದೆ ತಿರುಗಿ ಬಾಗಿಲು ನೋಡಿದರು. ಡ್ರಾವರು ಎಳೆದು ಒಂದು ಹಾಳೆಕಟ್ಟು ಹೊರತೆಗೆದರು. “ಹುಟ್ಟಾ ಹದಿನಾಲ್ಕು ಪಾಯಿಂಟ್ ಒಂದು. ಇವತ್ತು ಹದಿನಾರು ಪಾಯಿಂಟ್ ಆರು. ನನಗ ಏನೋ ರೋಗ ಬಂದೈತಿ, ರಕ್ತ ಗಟ್ಟಿಯಾಗಾಕತ್ತೈತಿ ಅಂತ ಮಾಡಿದ್ನಿ. ಮೂರು ದಿನದಿಂದ ಒಂದ ಸವನ ನೀರು ಕುಡ್ಯಾಕತ್ತೀನಿ. ಹೇಳಿದ್ರ ಲೈಸೆನ್ಸ್ ಹೋಗ್ತೈತಿ. ನಿವೃತ್ತಿಗೆ ಎರಡು ವರ್ಷ ಐತಿ. ಸುಮ್ನ ಕುಂತಿದ್ನಿ ತಂಗಿ.”

ಕಲಾವತಿ ಬೈಯಲಿಲ್ಲ. ತಾನೂ ಒಂಬತ್ತು ದಿನ ಖರ್ಜೂರ ತಿನ್ನುತ್ತಾ ಸುಮ್ಮನೆ ಕೂತಿದ್ದಳಲ್ಲ. ಬೆಂಚಿನ ಮೇಲಿದ್ದ ನಾದಿನಿಯತ್ತ ಕೈ ತೋರಿಸಿದಳು, ಅಷ್ಟೇ. ಫಕೀರಪ್ಪ ಸುಮಂಗಲಾಳ ಕೊಳವೆ ತೆಗೆದು, ತಾವೇ ಒಪ್ಪಿದ್ದ ಯಂತ್ರದ ವರದಿಯನ್ನು ವಾಪಸು ಕರೆದು ‘ತಡೆ’ ಒತ್ತಿದರು. ಒಳಗಿನ ಕಪಾಟಿನಿಂದ ಅಂಥದ್ದೇ ಒಂದು ಗೆರೆ ಕೊರೆದ ನಳಿಗೆ ತಂದು, ಕಿಟಕಿಯ ಬೆಳಕಿಗೆ ಹಿಡಿದು ನೀರು ಬೆರೆಸಿದರು. ಆಸ್ಪತ್ರೆಯ ಹಾಳೆಯ ಮೇಲೆ ಕೈಯಲ್ಲೇ ಬರೆದರು: ಏಳು ಪಾಯಿಂಟ್ ಒಂಬತ್ತು. ಕೆಳಗೆ ಪೂರ್ತಿ ಹೆಸರಿನ ಸಹಿ, ಲೈಸೆನ್ಸ್ ಸಂಖ್ಯೆ.

ಆಮೇಲೆ ಫೋನು ತೆಗೆದರು. ‘ನದಾಫ್ ಸರ್ ಬಳಗ’ ಎಂದೊಂದು ಗುಂಪು. ಹಬ್ಬದ ಶುಭಾಶಯ, ಹೂವಿನ ಚಿತ್ರ ಬಿಟ್ಟರೆ ಅದರಲ್ಲಿ ಏನೂ ಬರುತ್ತಿರಲಿಲ್ಲ. ಫಕೀರಪ್ಪ ಎರಡು ಸಂಖ್ಯೆ ಮಾತ್ರ ಬರೆದರು: 14.1, 16.6. ಒಂದು ಮಾತೂ ಸೇರಿಸಲಿಲ್ಲ. ಕಲಾವತಿ ಅದರ ಕೆಳಗೆ ತನ್ನದು ಬರೆದಳು: 11.2, 13.2.

ಐದು ನಿಮಿಷದ ಮೇಲೆ ಎಲ್ಲಿಂದಲೋ ಒಬ್ಬರು: 12.8, 15.1. ಇನ್ನೊಬ್ಬರು: 10.9, 12.9. ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತನಾಲ್ಕು ಜೋಡಿಗಳಾದವು. ಹೆಸರು ಹೇಳಿಕೊಂಡೇ ತಪ್ಪೊಪ್ಪಿಕೊಂಡವರು. ಪ್ರತಿಯೊಬ್ಬರೂ ತಮ್ಮೊಬ್ಬರದೇ ಯಂತ್ರ ಕೆಟ್ಟಿದೆ, ಇಲ್ಲವೇ ತಮಗೇ ಏನೋ ಆಗಿದೆ ಎಂದು ಬಾಯಿ ಮುಚ್ಚಿಕೊಂಡಿದ್ದವರು. ಕೊನೆಗೆ ನದಾಫ್ ಸರ್ ಬರೆದರು: “ಎಲ್ಲಾರೂ ಇದನ್ನ ಮಂಡಳಿಗೆ ಕಳಿಸ್ರಿ. ಈಗ.” ಕಳಿಸಿದರು. ಪ್ರಭಂಜನನ ಬೆನ್ನ ಹಿಂದಿನ ನಕ್ಷೆಯಲ್ಲಿ ಸಂಜೆಯೊಳಗೆ ನಲವತ್ತನಾಲ್ಕು ಚುಕ್ಕೆ ಬಣ್ಣ ಬದಲಿಸಿರಬೇಕು.

ಸುಮಂಗಲಾಳಿಗೆ ಆ ಸಂಜೆಯೇ ಹಾಸಿಗೆ ಸಿಕ್ಕಿತು, ಒಂದು ಬಾಟಲಿ ರಕ್ತ ಏರಿತು. ಹನ್ನೊಂದು ದಿನದ ಮೇಲೆ ಹೆಣ್ಣು ಮಗು. ಹೆರಿಗೆಯಲ್ಲಿ ರಕ್ತ ಬಹಳ ಹೋಯಿತು. ಕೈಗೆಟಕುವಲ್ಲಿ ಇನ್ನೆರಡು ಬಾಟಲಿ ಇದ್ದದ್ದರಿಂದ ಉಳಿದಳು.

ಮಂಡಳಿ ಕ್ಷಮೆ ಕೇಳಲಿಲ್ಲ. ಆ ಬುಧವಾರದಿಂದ ಎರಡೇ ದಿನಕ್ಕೆ ನಾನೂರು ಯಂತ್ರಗಳಿಗೂ ‘ಕಾರ್ಯಕ್ಷಮತೆಯ ಸುಧಾರಣೆ’ ಎಂಬ ಹೆಸರಲ್ಲಿ ಒಂದು ಬದಲಾವಣೆ ಬಂತು. ಕಂಟ್ರೋಲ್ ಸೀಸೆ ಮತ್ತೆ ಮೂರು ನಿಮಿಷ ತಿರುಗತೊಡಗಿತು. ಅದೇ ದಿನ ಸುತ್ತೋಲೆಯೂ ಬಂತು: ಸ್ವಂತ ರಕ್ತ ಬಳಸಿದ ನಲವತ್ತನಾಲ್ಕು ಮಂದಿಯ ಲೈಸೆನ್ಸ್ ಅಮಾನತು, ಮರುಪರೀಕ್ಷೆ ಪಾಸಾದರೆ ವಾಪಸು, ಇನ್ನು ಮುಂದೆ ಸೂಜಿಗಳನ್ನು ಎಣಿಸಿ ಕೊಡತಕ್ಕದ್ದು. ಕಲಾವತಿ ಒಪ್ಪಿಗೆ ಒತ್ತಿದ್ದ ಇಪ್ಪತ್ತೇಳು ಬಸುರಿಯರನ್ನು ಡಾಕ್ಟರ್ ಹೊಸಮನಿ, ಕೊನೆಗೂ ಕುರ್ಚಿ ಬಿಟ್ಟೆದ್ದು, ಮತ್ತೆ ಕರೆಸಿದರು. ಸುಮಂಗಲಾ ಜಿಲ್ಲಾ ಆಸ್ಪತ್ರೆಯಲ್ಲೇ ಇದ್ದಳು, ಇಪ್ಪತ್ತೈದು ಮಂದಿ ಬಂದರು. ಇಪ್ಪತ್ತೇಳನೆಯವಳು ಕರಡಿಗುಡ್ಡದ ಹುಲಿಗೆವ್ವ. ಅವಳ ಹೆರಿಗೆ ಆ ಸೋಮವಾರವೇ, ವಿಚಾರಣೆ ನಡೆಯುತ್ತಿದ್ದ ಹೊತ್ತಿನಲ್ಲೇ, ಬೆಣ್ಣಿಕೊಪ್ಪದ ಆಸ್ಪತ್ರೆಯಲ್ಲಿ ಆಗಿತ್ತು. ಜಿಲ್ಲೆಯಿಂದ ರಕ್ತ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೆಂಪು ಪಟ್ಟಿಯೊಂದಿಗೆ ಮನೆ ಸೇರಿದ್ದ ಕಲಾವತಿಗೆ ಅದು ಗೊತ್ತಾದದ್ದು ಈಗ. ಅವಳ ವರದಿ: ಒಂಬತ್ತು ಪಾಯಿಂಟ್ ಒಂದು. ಒಪ್ಪಿಗೆ: ಕಲಾವತಿ ಬಡಿಗೇರ. ಕಲಾವತಿ ತನ್ನ ಸಹಮತ ಅಂಕದ ಪಟ್ಟಿ ತೆಗೆದು ನೋಡಿದಳು. ಆ ಒಪ್ಪಿಗೆಗೆ ಮಂಡಳಿ ಪೂರ್ತಿ ಅಂಕ ಕೊಟ್ಟಿತ್ತು.

ಎರಡು ತಿಂಗಳ ಮೇಲೆ ಮರುಪರೀಕ್ಷೆ. ಒಂದು ಕಾಲೇಜಿನ ಹಜಾರ. ಬಾಗಿಲಲ್ಲಿ ಹಾಜರಿಯ ಯಂತ್ರ ಎಡಗೈ ಉಂಗುರ ಬೆರಳು ಕೇಳುತ್ತಿತ್ತು. ಕಲಾವತಿ ಒತ್ತಿದಳು, ಗುರುತು ಸಿಗಲಿಲ್ಲ. ಫಕೀರಪ್ಪ ಒತ್ತಿದರು, ಸಿಗಲಿಲ್ಲ. ಸಾಲಿನಲ್ಲಿ ಒಬ್ಬರದೂ ಸಿಗಲಿಲ್ಲ. ಮೇಲ್ವಿಚಾರಕಿಗೆ ತಲೆ ಕೆಟ್ಟಿತು. “ಏನ್ರೀ ಇದು, ಎಲ್ಲರದೂ ಒಂದೇ ಬೆರಳು ಹಾಳಾಗಿದೆ?” ಉತ್ತರ ಕೊಟ್ಟರೆ ಅದೂ ಅಪರಾಧವೇನೋ ಎಂದು ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಅವಳು ಒಂದು ಹಾಳೆ ತಂದು ಸಹಿ ಹಾಕಿಸಿಕೊಂಡಳು.

ಪ್ರಶ್ನೆಪತ್ರಿಕೆ ಬಂತು. ಮೊದಲ ಪ್ರಶ್ನೆ: ನಿಖರ ಯಂತ್ರದಲ್ಲಿ ಕಂಟ್ರೋಲ್ ರಕ್ತವನ್ನು ಎಷ್ಟು ಹೊತ್ತು ಕಲಕಬೇಕು? ಉತ್ತರಗಳು ನಾಲ್ಕು. ಇಪ್ಪತ್ತು ಸೆಕೆಂಡು. ಮೂವತ್ತು ಸೆಕೆಂಡು. ನಲವತ್ತು ಸೆಕೆಂಡು. ಐವತ್ತು ಸೆಕೆಂಡು.

ಕಲಾವತಿ ಇನ್ನೊಮ್ಮೆ ಓದಿದಳು. ಯಂತ್ರ ತಿದ್ದಿದವರು ಪುಸ್ತಕ ತಿದ್ದಿರಲಿಲ್ಲ. ನಲವತ್ತಕ್ಕೆ ಗುರುತು ಹಾಕಿದರೆ ಅಂಕ ಸಿಗುತ್ತದೆ, ಪಟ್ಟಿ ಹಸಿರಾಗುತ್ತದೆ, ನಾಳೆಯೇ ಕೆಲಸ. ಅವಳ ಕಣ್ಣು ತುಂಬಿತು, ದುಃಖಕ್ಕಲ್ಲ, ಸಿಟ್ಟಿಗೆ. ತಲೆ ಎತ್ತಿದರೆ ಹಜಾರದಲ್ಲಿ ಎಲ್ಲರ ತಲೆಗಳೂ ಮೇಲೆದ್ದಿದ್ದವು. ಯಾರೂ ಬರೆಯುತ್ತಿರಲಿಲ್ಲ. ಮುಂದಿನ ಬೆಂಚಿನಿಂದ ಫಕೀರಪ್ಪ ತಿರುಗಿ ಅವಳನ್ನು ನೋಡಿದರು.

ಹುಲಿಗೆವ್ವನ ಮುಖ ಹೇಗಿತ್ತು ಎಂದು ಕಲಾವತಿ ನೆನಪಿಸಿಕೊಳ್ಳಲು ನೋಡಿದಳು, ನೆನಪಾಗಲಿಲ್ಲ. ಆ ದಿನ ಪರದೆಯನ್ನಷ್ಟೇ ನೋಡಿ ಒತ್ತಿದ್ದಳು. ಅವಳು ನಾಲ್ಕೂ ಉತ್ತರಗಳ ಮೇಲೆ ಒಂದೇ ಗೀಟು ಎಳೆದಳು. ಅಂಚಿನ ಖಾಲಿ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ‘ಮೂರು ನಿಮಿಷ’ ಎಂದು ಬರೆದು, ಕೆಳಗೆ ಸಹಿ ಹಾಕಿದಳು. ಮುಂದಿನ ಬೆಂಚಿನಲ್ಲಿ, ಆಮೇಲೆ ಅದರ ಆಚೆ, ಪೆನ್ನಿನಿಂದ ಗೀಟೆಳೆಯುವ ಸದ್ದು ಕೇಳತೊಡಗಿತು.